ಸೋಮವಾರ ಒಂಬತ್ತು ಗಂಟೆಯ ಗಾಳಿ

ಕಳೆದ ತಿಂಗಳು ನನ್ನ ಹಳೆಯ ಸ್ಕೂಟರು ಚಿಕ್ಕಲಸಂದ್ರದ ಹತ್ತಿರ ಕೆಮ್ಮಿ ಕೆಮ್ಮಿ ನಿಂತುಹೋಯಿತು. ತಳ್ಳಿಕೊಂಡು ಹೋಗಿ ಒಂದು ಸಣ್ಣ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಮೆಕ್ಯಾನಿಕ್ಕು ವಯಸ್ಸಾದವರು, ಮಾತು ಕಡಿಮೆ. ಕಾರ್ಬೊರೇಟರಿನ ಕೆಳಗಿನ ತಿರುಪು ಸಡಿಲ ಮಾಡಿ, ಟೀ ಕುಡಿದಿಟ್ಟಿದ್ದ ಗಾಜಿನ ಲೋಟವನ್ನು ಒರೆಸಿ, ಅದರೊಳಗೆ ಒಂದಿಷ್ಟು ಪೆಟ್ರೋಲು ಇಳಿಸಿಕೊಂಡರು. ಆಮೇಲೆ ಲೋಟವನ್ನು ಎತ್ತಿ ಆಕಾಶದ ಕಡೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ತಳದಲ್ಲಿ ನೀರಿನ ಎರಡು ಗುಂಡು ಹನಿಗಳು ಓಡಾಡುತ್ತಿದ್ದವು. ನೀರು ಸೇರಿಕೊಂಡಿದೆ ಮೇಡಂ ಎಂದರು. ಪೆಟ್ರೋಲಿನ ಆ ವಾಸನೆ, ಆಕಾಶಕ್ಕೆ ಹಿಡಿದ ಲೋಟ, ಮುಚ್ಚಿದ ಒಂದು ಕಣ್ಣು... ಹದಿನೈದು ವರ್ಷದ ಹಿಂದೆ ವಾರಕ್ಕೆ ಐದು ದಿನ ಬೆಳಗ್ಗೆ ಎದ್ದು ನಾನು ನೋಡುತ್ತಿದ್ದದ್ದು ಇದನ್ನೇ. ಹಾರುವ ಮುಂಚೆ ಪೆಟ್ರೋಲಿನಲ್ಲಿ ನೀರಿದೆಯೇ ಎಂದು ಹಾಗೆ ಹಿಡಿದು ನೋಡುತ್ತಿದ್ದವರು ನನಗೆ ವಿಮಾನ ಹಾರಿಸಲು ಕಲಿಸಿದ ಸಾರ್.

ವಿಮಾನ ಹಾರಿಸಿದ್ದೆ ಎಂದರೆ ಈಗ ಯಾರೂ ನಂಬುವುದಿಲ್ಲ. ಜಯನಗರದ ಕಾಲೇಜಿನಲ್ಲಿ ಗಣಿತ ಪಾಠ ಮಾಡುವ, ಸ್ಕೂಟರಿನ ಮುಳ್ಳು ಮೂವತ್ತು ದಾಟಿದರೆ ಬ್ರೇಕು ಹಿಡಿಯುವ ಹೆಂಗಸು ನಾನು. ನಾನೂ ಯಾರಿಗೂ ಹೇಳಲು ಹೋಗುವುದಿಲ್ಲ. ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ, ಯಾಕೆ ಬಿಟ್ಟಿರಿ ಅಂತ.

ಹಾರಾಟದ ಹುಚ್ಚು ಹಚ್ಚಿದವರು ಅಪ್ಪ. ನಾನು ಪಿಯುಸಿ ಓದುತ್ತಿದ್ದಾಗ ಒಂದು ಸಂಜೆ ಆಫೀಸಿನಿಂದ ಬಂದು ಕಾಫಿ ಕುಡಿಯುತ್ತಾ ಕುಳಿತವರು ಕುರ್ಚಿಯಿಂದ ಏಳಲೇ ಇಲ್ಲ. ಶ್ರೀನಗರದ ಮನೆಯಲ್ಲಿ ಉಳಿದವರು ಅಮ್ಮ ಮತ್ತು ನಾನು. ಬಿ.ಎಸ್ಸಿ. ಮುಗಿದ ಮೇಲೆ, ಅಪ್ಪನ ಆಸೆ ಅಂತ ಅಮ್ಮ ನನ್ನನ್ನು ಹಾರಾಟದ ಶಾಲೆಗೆ ಕಳಿಸಿದರು, ಆದರೆ ಕಳಿಸಿದ ದಿನದಿಂದ ಸರಿಯಾಗಿ ಊಟ ಮಾಡಲಿಲ್ಲ. ನಾನು ಮನೆಗೆ ಬಂದು ಚಪ್ಪಲಿ ಬಿಟ್ಟ ಸದ್ದು ಕೇಳಿದ ಮೇಲೇ ಅವರು ಒಲೆ ಹಚ್ಚುತ್ತಿದ್ದದ್ದು.

ಶಾಲೆ ಊರಾಚೆ, ಕಾರಿನಲ್ಲಿ ಒಂದು ಗಂಟೆಗೂ ಹೆಚ್ಚಿನ ದಾರಿ. ಒಂದು ರನ್‌ವೇ, ಒಂದು ತಗಡಿನ ಶೆಡ್ಡು, ಇಬ್ಬರು ಕೂರುವ ಮೂರು ಪುಟ್ಟ ವಿಮಾನಗಳು. ಆ ಶಾಲೆ ಈಗ ಇಲ್ಲ. ಸಾರ್ ಇದ್ದದ್ದು ಗಿರಿನಗರದಲ್ಲಿ, ನಮ್ಮ ಮನೆಯಿಂದ ಹದಿನೈದು ನಿಮಿಷದ ನಡಿಗೆ. ಬೆಳಗಿನ ಜಾವ ಐದು ಗಂಟೆಗೆ ಅವರ ಬಿಳಿ ಮಾರುತಿ ನಮ್ಮ ಬಸ್‌ಸ್ಟಾಪಿನ ಹತ್ತಿರ ಬಂದು ನಿಲ್ಲುತ್ತಿತ್ತು. ಹಾರ್ನ್ ಹೊಡೆಯುತ್ತಿರಲಿಲ್ಲ, ಅಕ್ಕಪಕ್ಕದವರ ನಿದ್ದೆ ಕೆಡುತ್ತದೆ ಅಂತ. ದಾರಿಯುದ್ದಕ್ಕೂ ಪ್ರಶ್ನೆ. ಎಂಜಿನ್ ನಿಂತರೆ ಏನು ಮಾಡ್ತೀಯ, ಬಾಗಿಲು ತೆರೆದುಕೊಂಡರೆ ಏನು ಮಾಡ್ತೀಯ. ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ, ಅದೇ ಪ್ರಶ್ನೆಯನ್ನು ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ಕೇಳುತ್ತಿದ್ದರು. ವಾಪಸ್ ಬರುವಾಗ ಹನುಮಂತನಗರದಲ್ಲಿ ಖಾಲಿ ದೋಸೆ ಕೊಡಿಸುತ್ತಿದ್ದರು. ಆಗ ಮಾತ್ರ ಪ್ರಶ್ನೆಗೆ ರಜೆ.

ಆಗಲೇ ಅವರಿಗೆ ಐವತ್ತೆಂಟು ದಾಟಿತ್ತು. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮೊದಲ ಮಹಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಒಂದು ಮಂಚ, ಒಂದು ರೇಡಿಯೋ. ಹಬ್ಬಕ್ಕೆ ಎಲ್ಲಿಗೆ ಹೋಗ್ತೀರಿ ಸಾರ್ ಎಂದು ಒಮ್ಮೆ ಕೇಳಿದ್ದೆ. ಹಬ್ಬದ ದಿನವೂ ಗಾಳಿ ಚೆನ್ನಾಗಿದ್ದರೆ ಹಾರಬಹುದಲ್ಲ ಎಂದಿದ್ದರು. ಅವರಿಗೆ ಇದ್ದದ್ದು ಆ ಕೆಲಸ ಒಂದೇ. ಅದು ನನಗೆ ಆಗಲೂ ಗೊತ್ತಿತ್ತು, ಗೊತ್ತಿರಲಿಲ್ಲ ಎಂದು ಈಗ ಹೇಳಿಕೊಳ್ಳುವ ಹಾಗಿಲ್ಲ.

ಹಾರುವುದು ಕಷ್ಟವಲ್ಲ, ಇಳಿಯುವುದು ಕಷ್ಟ. ನನಗಂತೂ ನೆಲ ಹತ್ತಿರ ಬಂದ ಕೂಡಲೇ ಕಣ್ಣು ಚಕ್ರದ ಕೆಳಕ್ಕೇ ಹೋಗುತ್ತಿತ್ತು. ಅದಕ್ಕೆ ಸಾರ್ ಒಂದು ಭಾನುವಾರ ನನ್ನನ್ನು ಮನೆಗೆ ಕರೆದು ಹೊರಗಿನ ಮೆಟ್ಟಿಲಿನ ಮೇಲೆ ನಿಲ್ಲಿಸಿದರು. ಕಾಲು ನೋಡದೆ, ರಸ್ತೆಯ ಕೊನೆಯ ಬೇವಿನ ಮರ ನೋಡುತ್ತಾ ಇಳಿಯಬೇಕು. ಕೊನೆಯ ಮೆಟ್ಟಿಲು ಮುಗಿದಿದೆಯೋ ಇಲ್ಲವೋ ಎಂದು ಕಾಲಿಗೇ ತಿಳಿಯಬೇಕು. ನಲವತ್ತು ಸಲ ಹತ್ತಿಸಿ ಇಳಿಸಿದರು. ಕೆಳಗಿನ ಮನೆಯಾಕೆ, ಈ ಹುಡುಗಿಗೆ ಏನು ಶಿಕ್ಷೆ ಇದು ಅಂತ ಕೇಳಿದರು. ಆ ವಾರ ನನ್ನ ಲ್ಯಾಂಡಿಂಗ್ ನಿಜವಾಗಿಯೂ ಸುಧಾರಿಸಿತು.

ಇನ್ನೊಂದು ಪಾಠವನ್ನು ಅವರು ದಿನಾ ಹೇಳುತ್ತಿದ್ದರು. ಚಕ್ರ ನೆಲಕ್ಕೆ ತಾಗಿ ವಿಮಾನ ಚೆಂಡಿನ ಹಾಗೆ ಪುಟಿದರೆ ಗಾಬರಿಯಲ್ಲಿ ಮೂತಿಯನ್ನು ಕೆಳಗೆ ಒತ್ತಬಾರದು. ಒತ್ತಿದರೆ ಮುಂದಿನ ಚಕ್ರ ಮೊದಲು ಬಡಿಯುತ್ತದೆ, ಇನ್ನೂ ಮೇಲಕ್ಕೆ ಪುಟಿಯುತ್ತದೆ, ಮೂರನೆಯ ಸಲಕ್ಕೆ ಮುರಿಯುತ್ತದೆ. ಎಂಜಿನ್ನಿಗೆ ಪೂರ್ತಿ ಪವರ್ ಕೊಟ್ಟು ಮತ್ತೆ ಏಳಬೇಕು, ಇನ್ನೊಂದು ಸುತ್ತು ಹೊಡೆದು ಬಂದು ಇಳಿಯಬೇಕು. "ಆಕಾಶದಲ್ಲಿ ಜಾಗಕ್ಕೇನು ಬರಾನಾ? ಇನ್ನೊಂದು ಸಲ ಬಾರಮ್ಮ," ಅನ್ನುತ್ತಿದ್ದರು.

ಕಲಿಯುವವರ ಬದುಕಿನಲ್ಲಿ ದೊಡ್ಡ ದಿನ ಎಂದರೆ ಸೋಲೋ. ಮೊದಲ ಸಲ ಒಬ್ಬರೇ ಹಾರಿ, ಒಂದು ಸುತ್ತು ಹಾಕಿ, ಒಬ್ಬರೇ ಇಳಿಸುವ ದಿನ. ಆ ದಿನ ಯಾವಾಗ ಎಂದು ಯಾರೂ ಮೊದಲೇ ಹೇಳುವುದಿಲ್ಲ. ಸಾರ್ ಪಕ್ಕದಲ್ಲಿ ಕುಳಿತು ಮೂರು ನಾಲ್ಕು ಸಲ ಇಳಿಸಿ ನೋಡುತ್ತಾರೆ, ಮನಸ್ಸಿಗೆ ಬಂದರೆ ಓಡುತ್ತಿರುವ ಎಂಜಿನ್ನಿನ ಪಕ್ಕದಲ್ಲೇ ಇಳಿದು, ಖಾಲಿ ಸೀಟಿನ ಬೆಲ್ಟು ಕಟ್ಟಿ, ಬಾಗಿಲು ಹಾಕಿ ಹೊರಟುಬಿಡುತ್ತಾರೆ. ನಾನೇ ಬುದ್ಧಿವಂತಿಕೆ ತೋರಿಸಿ, ಇನ್ನೆರಡು ದಿನದಲ್ಲಿ ಕಳಿಸಬಹುದು ಎಂದು ಮನೆಯಲ್ಲಿ ಬಾಯಿಬಿಟ್ಟೆ. ಅಮ್ಮ ಅಡುಗೆಮನೆಯ ಕ್ಯಾಲೆಂಡರನ್ನು ಗೋಡೆಯಿಂದಲೇ ಇಳಿಸಿಕೊಂಡು ಕುಳಿತರು. ಮಂಗಳವಾರ ಬೇಡವೇ ಬೇಡ. ಸೋಮವಾರ ತಿಥಿ ಚೆನ್ನಾಗಿದೆ, ನಕ್ಷತ್ರವೂ ಚೆನ್ನಾಗಿದೆ, ಆದರೆ ಏಳೂವರೆಯಿಂದ ಒಂಬತ್ತು ರಾಹುಕಾಲ.

ನಮ್ಮಲ್ಲಿ ರಾಹುಕಾಲದಲ್ಲಿ ಊರಿಗೆ ಹೊರಡಬೇಕಾದರೆ ಹಿಂದಿನ ದಿನವೇ ಒಂದು ಬ್ಯಾಗನ್ನು ಪಕ್ಕದ ಮನೆಯಲ್ಲಿ ಇಟ್ಟು ಬರುತ್ತಾರೆ. ಪ್ರಸ್ಥಾನ ಎನ್ನುತ್ತಾರೆ ಅದಕ್ಕೆ, ಆಗಲೇ ಹೊರಟಾಯಿತು ಎನ್ನುವ ಲೆಕ್ಕ. ವಿಮಾನಕ್ಕೂ ಹಾಗೇ ಒಂದು ಚೀಲ ಇಟ್ಟುಬಿಡೋಣ ಎಂದು ನಾನು ತಮಾಷೆ ಮಾಡಿದೆ. ಅಮ್ಮ ನಗಲಿಲ್ಲ. ಅಪ್ಪನ ಫೋಟೋದ ಮುಂದೆ ನನ್ನನ್ನು ನಿಲ್ಲಿಸಿ, ಆ ಒಂದೂವರೆ ಗಂಟೆಯಲ್ಲಿ ಒಬ್ಬಳೇ ಹೋಗುವುದಿಲ್ಲ ಎಂದು ಮಾತು ತೆಗೆದುಕೊಂಡರು. ಹಾಗೇ ಇರಲಿ ಬಿಡು, ಒಂದು ದಿನದ ಮಾತು ಎಂದು ಕೊಟ್ಟುಬಿಟ್ಟೆ.

ಆ ಸೋಮವಾರ ಬೆಳಗ್ಗೆ ಗಾಳಿಯೇ ಇರಲಿಲ್ಲ. ರನ್‌ವೇ ಪಕ್ಕದ ಕಂಬದಲ್ಲಿ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಗಾಳಿಚೀಲ ಒದ್ದೆ ಕಾಲುಚೀಲದ ಹಾಗೆ ಜೋತುಬಿದ್ದಿತ್ತು. ನಾಲ್ಕು ಸಲ ಇಳಿಸಿದೆ, ನಾಲ್ಕೂ ಚೆನ್ನಾಗಿದ್ದವು. ಸಾರ್ ಬೆಲ್ಟು ಬಿಚ್ಚತೊಡಗಿದರು. ನಾನು ಗಡಿಯಾರ ನೋಡಿದೆ, ಏಳೂ ಇಪ್ಪತ್ತೈದು. ಒಂದು ಸುತ್ತಿಗೆ ಏಳೆಂಟು ನಿಮಿಷ ಬೇಕು. ಏರುವುದು ರಾಹುಕಾಲಕ್ಕೆ ಮುಂಚೆ ಆದರೂ ಇಳಿಯುವುದು ರಾಹುಕಾಲದೊಳಗೆ. ಗಣಿತದಲ್ಲಿ ನಾನು ಆಗಲೂ ಚುರುಕು.

"ಸಾರ್, ಹೊಟ್ಟೆ ಯಾಕೋ ತುಂಬಾ ನೋಯ್ತಿದೆ," ಅಂದೆ.

ಅವರು ತಕ್ಷಣ ಎಂಜಿನ್ ನಿಲ್ಲಿಸಿದರು. ಶೆಡ್ಡಿನಲ್ಲಿ ನೀರಿಗೆ ಉಪ್ಪು ಸಕ್ಕರೆ ಹಾಕಿ ತಾವೇ ಕಲಸಿಕೊಟ್ಟರು. ನಾನು ಟಾಯ್ಲೆಟ್ಟಿನಲ್ಲಿ ಹೋಗಿ ಕುಳಿತೆ. ಒಂದು ಸಲ ಅಲ್ಲ, ಮೂರು ಸಲ. ಒಳಗೆ ಕುಳಿತು ಗಡಿಯಾರ ನೋಡುವುದು, ಬಂದು ಬೆಂಚಿನ ಮೇಲೆ ಮುದುರಿಕೊಳ್ಳುವುದು. ಅಷ್ಟು ಹೊತ್ತೂ ಅವರು ಬೇರೆ ಯಾರ ಪಾಠಕ್ಕೂ ಹೋಗದೆ ನನ್ನ ಪಕ್ಕದಲ್ಲೇ ಕುಳಿತಿದ್ದರು. ಮನೆಗೆ ಬಿಟ್ಟು ಬರಲಾ ಎಂದು ಎರಡು ಸಲ ಕೇಳಿದರು. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಒಂಬತ್ತು ಗಂಟೆ ಐದು ನಿಮಿಷಕ್ಕೆ ನನ್ನ ಹೊಟ್ಟೆ ಸರಿಹೋಯಿತು. ಅಷ್ಟರಲ್ಲಿ ಬಿಸಿಲೇರಿತ್ತು, ಗಾಳಿಯೂ ಎದ್ದಿತ್ತು. ಗಾಳಿಚೀಲ ಅಡ್ಡಡ್ಡ ಎದ್ದು ನಿಂತು, ಮತ್ತೆ ಬಿದ್ದು, ಮತ್ತೆ ಏಳುತ್ತಿತ್ತು. ಸಾರ್ ಅದನ್ನು ತುಂಬಾ ಹೊತ್ತು ನೋಡಿದರು. ನಾಳೆ ನೋಡೋಣ ಎಂದರು. ನಾಳೆ ಎಂದರೆ ಮಂಗಳವಾರ. ನಾನು ಪಟ್ಟು ಹಿಡಿದೆ. ಚೆನ್ನಾಗಿದ್ದೀನಿ ಸಾರ್, ಕೈ ಕೂತಿದೆ ಸಾರ್, ಇವತ್ತೇ ಕಳಿಸಿ ಸಾರ್ ಎಂದು ಮಕ್ಕಳು ಪೀಪಿಗೆ ಹಟ ಮಾಡುವ ಹಾಗೆ ಕೇಳಿದೆ. ಅವರು ನನ್ನ ಮಾತಿಗೆ ಕರಗಿದರೋ, ಬೆಳಗಿನ ನಾಲ್ಕು ಲ್ಯಾಂಡಿಂಗ್ ನೆನೆದರೋ... ನನ್ನ ಜೊತೆ ಒಂದು ಸುತ್ತು ಬಂದರು. ಅದು ಹೇಗೋ ಚೆನ್ನಾಗಿಯೇ ಆಯಿತು. ಇಳಿದು ಬೆಲ್ಟು ಕಟ್ಟಿದರು. "ನನ್ ತೂಕ ಇರಲ್ಲ. ಇಳಿಯೋಕೆ ಸ್ವಲ್ಪ ಹಟ ಮಾಡತ್ತೆ, ಕಾಯ್ಬೇಕು," ಎಂದು ಬಾಗಿಲು ಹಾಕಿದರು.

ಮೇಲೆ ಒಬ್ಬಳೇ ಇದ್ದ ಆ ಐದಾರು ನಿಮಿಷ ನನ್ನ ಬದುಕಿನಲ್ಲೇ ಅತಿ ಚೆಂದದ ನಿಮಿಷಗಳು. ಇದನ್ನೂ ಹೇಳಿಬಿಡಬೇಕು. ಪಕ್ಕದ ಸೀಟು ಖಾಲಿ, ಕೆಳಗೆ ಕೆರೆ, ರಾಗಿ ಹೊಲ, ಕೆಂಪು ರಸ್ತೆ. ಅಪ್ಪ ನೋಡಬೇಕಿತ್ತು ಅಂದುಕೊಂಡೆ.

ಇಳಿಯುವಾಗ ಅಡ್ಡಗಾಳಿ ರೆಕ್ಕೆಯನ್ನು ಎತ್ತಿತು. ಸರಿಮಾಡಿಕೊಂಡೆ. ಚಕ್ರ ತಾಗಿತು, ಪುಟಿಯಿತು. ಗಾಬರಿಯಲ್ಲಿ ನಾನು ಮೂತಿ ಒತ್ತಿದೆ. ದಿನಾ ಕೇಳಿದ ಪಾಠ, ದಾರಿಯುದ್ದಕ್ಕೂ ಒಪ್ಪಿಸಿದ ಉತ್ತರ, ಒಂದೂ ಕೈಗೆ ಬರಲಿಲ್ಲ. ಎರಡನೆಯ ಸಲ ಇನ್ನೂ ಮೇಲಕ್ಕೆ ಪುಟಿಯಿತು. ಮತ್ತೆ ಒತ್ತಿದೆ. ಮೂರನೆಯ ಸಲ ಮುಂದಿನ ಚಕ್ರ ಮುರಿದು, ಪ್ರೊಪೆಲ್ಲರ್ ನೆಲಕ್ಕೆ ಬಡಿದು, ವಿಮಾನ ಹುಲ್ಲಿನ ಕಡೆ ಜಾರಿ ಮೂಗೂರಿ ನಿಂತಿತು. ಆಮೇಲೆ ಎಲ್ಲ ನಿಶ್ಶಬ್ದ. ಬಾಯಲ್ಲಿ ರಕ್ತದ ರುಚಿ.

ಗಾಳಿಚೀಲದ ಕಂಬದ ಹತ್ತಿರ ನಿಂತಿದ್ದ ಸಾರ್ ಓಡಿ ಬಂದರು. ಮಂಡಿನೋವಿನ ಮನುಷ್ಯ, ಎಲ್ಲರಿಗಿಂತ ಮೊದಲು ಅವರೇ ಬಂದು ತಲುಪಿದರು. ನನ್ನನ್ನು ಎಳೆದು ದೂರ ಕರೆದೊಯ್ದು ಹುಲ್ಲಿನ ಮೇಲೆ ಕೂರಿಸಿದರು. ತಲೆಗೆ ಪೆಟ್ಟಾಗಿದೆಯೋ ಎಂದು ನೋಡಲು ಇರಬೇಕು, ಹೆಸರು ಕೇಳಿದರು. ಹೇಳಿದೆ. ಇವತ್ತು ಯಾವ ವಾರ ಎಂದು ಕೇಳಿದರು.

"ಸೋಮವಾರ... ರಾಹುಕಾಲ ಮುಗಿದಿತ್ತಲ್ಲ ಸಾರ್," ಅಂದೆ.

ಮಂಪರಿನಲ್ಲಿ ಬಾಯಿಂದ ಬಂದುಬಿಟ್ಟಿತು. ನನ್ನ ಗಲ್ಲ ಒರೆಸುತ್ತಿದ್ದ ಅವರ ಕೈ ಒಂದು ಕ್ಷಣ ನಿಂತಿತು. ನನ್ನ ಮುಖ ನೋಡಿದರು. ಮತ್ತೆ ಒರೆಸಿದರು.

ಭುಜದ ಮೂಳೆ ಬಿರುಕು ಬಿಟ್ಟಿತ್ತು, ತುಟಿಗೆ ಮೂರು ಹೊಲಿಗೆ. ಆಸ್ಪತ್ರೆಗೆ ಬಂದ ಅಮ್ಮ ನನ್ನ ಕೆನ್ನೆ ಸವರುತ್ತಾ, ರಾಹುಕಾಲ ತಪ್ಪಿಸಿದ್ದಕ್ಕೇ ನಿನ್ನ ಜೀವ ಉಳಿಯಿತು ಕಣೇ ಎಂದು ಅತ್ತರು. ನಾನು ಕಣ್ಣು ಮುಚ್ಚಿಕೊಂಡು ನಿದ್ದೆ ಬಂದ ಹಾಗೆ ಮಾಡಿದೆ.

ಹದಿನೈದು ದಿನದ ಮೇಲೆ ವಿಚಾರಣೆ. ವಿಮಾನಯಾನ ಇಲಾಖೆಯಿಂದ ಇಬ್ಬರು ಅಧಿಕಾರಿಗಳು ಬಂದಿದ್ದರು. ಗಾಳಿ ಎದ್ದ ಮೇಲೆ ಹೊಸಬಳನ್ನು ಯಾಕೆ ಕಳಿಸಿದರು ಎನ್ನುವುದೇ ಪ್ರಶ್ನೆ. ನಾನು ರಾತ್ರಿಯೆಲ್ಲ ಯೋಚಿಸಿ, ನಿಜ ಹೇಳಿಬಿಡುವುದು ಎಂದು ತೀರ್ಮಾನಿಸಿಕೊಂಡೇ ಹೋಗಿದ್ದೆ. ಆದರೆ ಅಧಿಕಾರಿಗಳು ಮೊದಲು ಸಾರ್ ಬರೆದುಕೊಟ್ಟ ಹೇಳಿಕೆಯನ್ನು ನನ್ನ ಮುಂದಿಟ್ಟರು. ಅದರಲ್ಲಿ ನನ್ನ ಹೊಟ್ಟೆನೋವೇ ಇರಲಿಲ್ಲ. ಪಾಠ ವಿವರಿಸುವುದಕ್ಕೆಂದು ತಾವೇ ತಡ ಮಾಡಿದ್ದಾಗಿಯೂ, ಗಾಳಿಯನ್ನು ಅಂದಾಜು ಮಾಡುವಲ್ಲಿ ತಾವೇ ತಪ್ಪಿದ್ದಾಗಿಯೂ ಬರೆದಿದ್ದರು. ಇದು ಸರಿಯಾ ಎಂದು ಅಧಿಕಾರಿ ಕೇಳಿದರು. ಸುಳ್ಳು ಹೇಳಿ ಹಾರಿದವಳು ಎಂದು ಗೊತ್ತಾದರೆ ನನ್ನನ್ನು ಮತ್ತೆ ಯಾರೂ ವಿಮಾನ ಹತ್ತಿಸುವುದಿಲ್ಲ ಎನ್ನುವುದು ಆ ಗಳಿಗೆಯಲ್ಲಿ ಕಣ್ಣ ಮುಂದೆ ಬಂತು. ಸರಿ ಎಂದೆ. ಸಹಿ ಹಾಕಿದೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ಹೊರಗೆ ಬಂದಾಗ ನನಗೆ ಹಾಗೇ ಅನ್ನಿಸಿತು. ದೊಣ್ಣೆ ಬಿದ್ದದ್ದು ಯಾರ ಮೇಲೆ ಅಂತ ತಿರುಗಿ ನೋಡಲಿಲ್ಲ.

ಸಾರ್ ಅವರ ಕಲಿಸುವ ಪರವಾನಗಿಯನ್ನು ಒಂದು ವರ್ಷ ತಡೆಹಿಡಿದರು. ಅವಧಿ ಮುಗಿಯುವ ಹೊತ್ತಿಗೆ ಅವರಿಗೆ ಅರವತ್ತು, ಶಾಲೆಯವರು ಮತ್ತೆ ಕರೆಯಲಿಲ್ಲ. ಅವರನ್ನು ಒತ್ತೆಯಿಟ್ಟು ಉಳಿಸಿಕೊಂಡ ಹಾರಾಟವನ್ನು ನಾನಾದರೂ ಮಾಡಿದೆನಾ? ಭುಜ ಕೂಡಿದ ಮೇಲೆ ಬೇರೆ ಮೇಷ್ಟ್ರ ಜೊತೆ ಮೂರು ದಿನ ಹೋದೆ. ನೆಲ ಹತ್ತಿರ ಬಂದಾಗಲೆಲ್ಲ ಕೈ ಮರಗಟ್ಟುತ್ತಿತ್ತು. ನಾಲ್ಕನೆಯ ದಿನ ಹೋಗಲಿಲ್ಲ. ಎಂ.ಎಸ್ಸಿ.ಗೆ ಅರ್ಜಿ ಹಾಕಿದೆ.

ಆ ಸಂಕ್ರಾಂತಿಗೆ ಅಮ್ಮ ಎಳ್ಳುಬೆಲ್ಲದ ಪೊಟ್ಟಣ ಕೈಗಿಟ್ಟು ಸಾರ್ ಮನೆಗೆ ಕಳಿಸಿದರು. ಇವತ್ತಾದರೂ ಹೇಳಿಬಿಡುತ್ತೇನೆ ಎಂದು ಹೋದೆ. ಮಧ್ಯಾಹ್ನ ಮೂರು ಗಂಟೆ, ಬಾಗಿಲು ತೆರೆದೇ ಇತ್ತು. ಬೆಳಗ್ಗೆ ನಾಲ್ಕಕ್ಕೇ ಎಚ್ಚರವಾಗುತ್ತದೆ, ಆಮೇಲೆ ಏನು ಮಾಡುವುದು ಅಂತ ತಿಳಿಯುವುದಿಲ್ಲ ಎಂದು ನಗುತ್ತಾ ಹೇಳಿದರು. ಕಾಫಿ ಮಾಡಿಕೊಟ್ಟರು. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಬೇಕಾದ ದಿನ, ನಾನು ಕಾಫಿಯ ನೊರೆ ಊದುತ್ತಾ ಕುಳಿತೆ. ಕೊನೆಗೆ ಲೋಟ ಕೆಳಗಿಟ್ಟು ಶುರುಮಾಡಿದೆ.

"ಸಾರ್, ಅವತ್ತು ನನ್ ಹೊಟ್ಟೆನೋವು..."

"ಈಗ ಸರಿಹೋಗಿದ್ಯಲ್ಲ? ಬಿಡು," ಅಂದರು. ನನ್ನ ಲೋಟ ಎತ್ತಿಕೊಂಡು, "ನೀನು ನೂರು ನೆಪ ಹೇಳಿರಬೋದು ಕಣಮ್ಮ. ಗಾಳಿಚೀಲ ನಂಗೂ ಕಾಣಿಸ್ತಿತ್ತು. ಇಳಿದು ಬಾಗಿಲು ಹಾಕಿದ್ದು ನಾನು. ಬಾಗಿಲು ಹಾಕಿದವನದ್ದೇ ಜವಾಬ್ದಾರಿ," ಎಂದರು.

ಆ ಮಾತು ಅಲ್ಲಿಗೆ ಮುಗಿಯಿತು. ಮತ್ತೆ ಹಾರಲು ಹೋಗು, ಇನ್ನೊಂದು ಸುತ್ತು ಬಂದು ಇಳಿಯುವುದಕ್ಕೆ ನಾಚಿಕೆ ಯಾಕೆ ಎಂದೂ ಹೇಳಿದರು. ಆಗಲಿ ಸಾರ್ ಎಂದೆ. ಅಪ್ಪನ ಫೋಟೋದ ಮುಂದೆ ಕೊಟ್ಟ ಮಾತನ್ನು ಉಳಿಸಿಕೊಂಡವಳು ಇದನ್ನು ಉಳಿಸಿಕೊಳ್ಳಲಿಲ್ಲ. ಆದರೆ ನನ್ನನ್ನು ಹೆಚ್ಚು ಚುಚ್ಚುವುದು ಅದೂ ಅಲ್ಲ. ಅವರು ಬಿಡು ಎಂದಾಗ ನನಗೆ ಹಾಯೆನಿಸಿತು. ಮೆಟ್ಟಿಲು ಇಳಿಯುವಾಗ ಹಗುರವಾಗಿದ್ದೆ. ಕ್ಷಮೆ ಸಿಕ್ಕಿಯಾಯಿತು, ಇನ್ನೇನು ಕೇಳುವುದು ಉಳಿದಿದೆ ಎಂದು ಲೆಕ್ಕ ಹಾಕಿಕೊಂಡೇ ಮನೆ ಸೇರಿದೆ.

ಆಮೇಲೆ ನಾನು ಅಲ್ಲಿಗೆ ಹೋಗಲಿಲ್ಲ. ಹೋಗಬಾರದು ಎಂದೇನೂ ತೀರ್ಮಾನಿಸಿರಲಿಲ್ಲ. ಪರೀಕ್ಷೆ ಬಂತು, ಕೆಲಸ ಬಂತು, ಮುಂದಿನ ಸಂಕ್ರಾಂತಿಗೆ ನೆಗಡಿ ಎಂದೆ. ಒಂದೆರಡು ಸಲ ಗಿರಿನಗರದ ಪಾರ್ಕಿನ ಬೆಂಚಿನಲ್ಲಿ ಅವರು ಕುಳಿತದ್ದು ಕಂಡಿತು. ಮರದ ತುದಿ ಅಲ್ಲಾಡುವುದನ್ನೇ ನೋಡುತ್ತಿದ್ದರು, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡುತ್ತಿದ್ದರೇನೋ... ನಾನು ರಸ್ತೆಯ ಆಚೆ ಬದಿಗೆ ದಾಟಿದೆ. ಹದಿನೈದು ನಿಮಿಷದ ದಾರಿಯನ್ನು ಹದಿನೈದು ವರ್ಷವಾದರೂ ನಡೆಯಲಿಲ್ಲ.

ಸ್ಕೂಟರು ಕೆಟ್ಟ ಆ ದಿನ ಗ್ಯಾರೇಜಿನಿಂದ ನಾನು ನೇರ ಗಿರಿನಗರಕ್ಕೆ ಹೋದೆ. ಆ ಮನೆ ಇದ್ದ ಜಾಗದಲ್ಲಿ ನಾಲ್ಕು ಮಹಡಿಯ ಕಟ್ಟಡ ಎದ್ದಿತ್ತು. ಎದುರಿಗೆ ಇಸ್ತ್ರಿ ಗಾಡಿಯ ಹೆಂಗಸು. ಇಲ್ಲಿ ಮೊದಲ ಮಹಡಿಯಲ್ಲಿ ವಯಸ್ಸಾದವರು ಒಬ್ಬರು ಇದ್ದರಲ್ಲ ಎಂದು ವಿಚಾರಿಸಿದೆ. ಎರಡು ವರ್ಷದ ಹಿಂದೆ, ಮನೆ ಕೆಡವುವುದಕ್ಕೆ ಮುಂಚೆಯೇ, ಹೋಗಿಬಿಟ್ಟರು ಎಂದರು. ಬೆಳಗ್ಗೆ ಬಟ್ಟೆ ಕೊಡಲು ಹೋದಾಗ ಬಾಗಿಲು ತೆಗೆಯಲಿಲ್ಲವಂತೆ. ಓನರೂ ಬೀದಿಯ ನಾಲ್ಕು ಜನರೂ ಸೇರಿ ಕಾರ್ಯ ಮುಗಿಸಿದರಂತೆ.

"ನೀವು ಅವ್ರಿಗೆ ಏನಾಗ್ಬೇಕು?" ಎಂದು ಕೇಳಿದರು.

ಅವರ ಹತ್ತಿರ ಕಲಿತಿದ್ದೆ ಎಂದೆ.

"ಮನೆಪಾಠ ಮಾಡ್ತಿದ್ರಾ ಅವ್ರು?"

ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದರು ಎಂದೆ. ಆಕೆ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕೆ ನಿಲ್ಲಿಸಿ ನನ್ನನ್ನು ನೋಡಿದರು. "ವಿಮಾನವಾ? ಹತ್ತು ವರ್ಷ ಬಟ್ಟೆ ಉಜ್ಜಿದೀನಿ, ಒಂದಿನಾನೂ ಹೇಳ್ಲಿಲ್ಲ ಕಣಕ್ಕಾ."

ಅವರು ಯಾರಿಗೂ ಹೇಳಿರಲಿಲ್ಲ. ಮೂವತ್ತು ವರ್ಷ ಆಕಾಶದಲ್ಲಿ ಇದ್ದ ಮನುಷ್ಯ ಆ ಬೀದಿಯಲ್ಲಿ ಸುಮ್ಮನೆ ಒಬ್ಬ ಮೊದಲ ಮಹಡಿಯ ಮುದುಕನಾಗಿ ಹೋಗಿದ್ದರು. ಹೇಳಿದ್ದರೆ ಅವರಿಗೂ ಮುಂದಿನ ಪ್ರಶ್ನೆ ಬರುತ್ತಿತ್ತಲ್ಲ, ಯಾಕೆ ಬಿಟ್ಟಿರಿ ಅಂತ. ಅದಕ್ಕೆ ಉತ್ತರ ಕೊಡಬೇಕಾದರೆ ನನ್ನ ಹೆಸರು ಹೇಳಬೇಕಾಗುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರೆ. ನನಗೆ ಅಳು ಬಂತು, ಬೀದಿಯಲ್ಲೇ ಅತ್ತೆ. ಇಸ್ತ್ರಿ ಗಾಡಿಯಾಕೆ ಒಂದು ಸ್ಟೂಲು ಕೊಟ್ಟರು.

ಮನೆಗೆ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅಮ್ಮನಿಗೆ ಈಗ ಎಪ್ಪತ್ತನಾಲ್ಕು, ರಕ್ತದೊತ್ತಡ, ಸಣ್ಣದಕ್ಕೂ ಎದೆ ಹೊಡೆದುಕೊಳ್ಳುತ್ತದೆ. ಸಾರ್ ಹೋಗಿಬಿಟ್ಟರಂತೆ ಅಮ್ಮ, ಎರಡು ವರ್ಷ ಆಯಿತಂತೆ ಎಂದೆ. ಅಮ್ಮ ಬಿಡಿಸುತ್ತಿದ್ದ ಅವರೆಕಾಳಿನ ಮೊರವನ್ನು ಪಕ್ಕಕ್ಕಿಟ್ಟರು.

"ಪಾಪ, ಒಳ್ಳೆ ಮನುಷ್ಯ," ಅಂದರು. "ಆದ್ರೂ ಅವತ್ತು ಆ ಗಾಳಿನಲ್ಲಿ ನಿನ್ನ ಕಳಿಸ್ಬಾರದಿತ್ತು ಕಣೇ ಅವ್ರು."

ಅವತ್ತಿನ ಹೊಟ್ಟೆನೋವು ಸುಳ್ಳು, ತಡ ಮಾಡಿದ್ದು ನಾನು ಎಂದು ಹೇಳಬಹುದಿತ್ತು. ಅಲ್ಲಿ ನಾವಿಬ್ಬರೇ ಇದ್ದೆವು, ಸಹಿ ಹಾಕಿಸಿಕೊಳ್ಳುವವರು ಯಾರೂ ಇರಲಿಲ್ಲ. ಕೇಳಬೇಕಾದವರು ಹೋಗಿಯಾಗಿದೆ. ಉಳಿದಿರುವ ಇವರಿಗೆ ಹೇಳಿದರೆ, ಇವರು ಉಳಿದ ದಿನವೆಲ್ಲ ಆ ಕ್ಯಾಲೆಂಡರಿನ ಕೆಳಗೆ ಕುಳಿತು ಅಳುತ್ತಾರೆ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು, ಒಂದು ಮಾತಿಗೆ ಕಾಯುತ್ತಿದ್ದರು.

ನಾನು ಹ್ಞೂಂ ಅಂದೆ.